ಗೆಂಡೆ ಮೀನಿಗೆ ಉಪಚಾರ

ಊಟದೆಲೆಯ ಮೇಲೆ ಎರಡೂ ಅಂಗೈಗಳನ್ನು ಅಡ್ಡ ಹಿಡಿದು, ಮೈಯನ್ನು ತುಸು ಮುಂದಕ್ಕೆ ಬಗ್ಗಿಸಿ, ‘ಸಾಕು, ಸಾಕು, ಖಂಡಿತ ಸಾಕು’ ಎಂದು ಗೋಗರೆಯುವ ಅತಿಥಿಯ ಮಾತನ್ನು ನಂಬಬೇಕೋ ಬೇಡವೋ ಎಂಬುದು ನಮ್ಮ ವಂಶದಲ್ಲಿ ಎಂದೂ ಒಂದು ಪ್ರಶ್ನೆಯಾಗಿರಲಿಲ್ಲ. ನಂಬಬಾರದು, ಅಷ್ಟೆ. ನನ್ನ ತಂದೆ ಮೈಸೂರಿನ ಮದುವೆ ಛತ್ರಗಳಲ್ಲಿ ಪಂಚೆ ಎತ್ತಿ ಕಟ್ಟಿ ಬಡಿಸಲು ನಿಂತರೆಂದರೆ, ಮೊದಲನೆಯ ‘ಸಾಕು’ ಸಂಕೋಚದ್ದು, ಎರಡನೆಯದು ಸಂಪ್ರದಾಯದ್ದು, ಮೂರನೆಯದರಲ್ಲಿ ಮಾತ್ರ ಅಲ್ಪಸ್ವಲ್ಪ ಸತ್ಯಾಂಶವಿದ್ದರೂ ಇರಬಹುದು ಎಂಬ ಸಿದ್ಧಾಂತವನ್ನು ಶಿರಸಾವಹಿಸಿ, ಅಡ್ಡ ಹಿಡಿದ ಬೆರಳುಗಳ ಸಂದಿಯಲ್ಲೇ ಜಿಲೇಬಿ ಜಾರಿಸುವಷ್ಟು ಸಿದ್ಧಹಸ್ತರಾಗಿದ್ದರು. ಅವರ ಎತ್ತರವಾಗಲಿ, ಕಂಠವಾಗಲಿ, ಅಕ್ಷರವಾಗಲಿ ನನಗೆ ಬರಲಿಲ್ಲ. ಬಂದದ್ದು ಆ ಬಡಿಸುವ ಕೈ ಒಂದೇ.

ಈ ಪಿತ್ರಾರ್ಜಿತಕ್ಕೆ ಅತಿ ಹೆಚ್ಚು ಗುರಿಯಾದವರು ನನ್ನ ನೆಂಟರಲ್ಲ. ನೈರೋಬಿಯಲ್ಲಿ, ಕಸರಾನಿಯ ಆಚೆಗಿದ್ದ ಒಂದು ಖಾಸಗಿ ಕೆರೆಯ ಗೆಂಡೆ ಮೀನುಗಳು ಎಂದರೆ ನೀವು ನಗುತ್ತೀರಿ. ನಗಿ, ನನಗೇನೂ ಬೇಸರವಿಲ್ಲ. ಹುಟ್ಟಿನಿಂದ ಸಸ್ಯಾಹಾರಿಯಾದ, ಈಜು ಬಾರದ, ಮನೆಯ ಬಕೆಟ್ಟಿನ ನೀರಿಗೂ ಒಂದು ಗೌರವದ ಅಂತರ ಕಾಯ್ದುಕೊಳ್ಳುವ ಬ್ಯಾಂಕಿನ ನೌಕರನೊಬ್ಬ ಕೈಯಲ್ಲಿ ಗಾಳದ ಕೋಲು ಹಿಡಿದು ಶನಿವಾರದ ಬೆಳಗ್ಗೆ ಕೆರೆಯ ದಡದಲ್ಲಿ ಕೂರುತ್ತಿದ್ದನೆಂಬುದನ್ನು ಅವನ ಹೆಂಡತಿಯೇ ಮೊದಲ ಆರು ತಿಂಗಳು ನಂಬಿರಲಿಲ್ಲ.

ನನ್ನನ್ನು ಅಲ್ಲಿಗೆ ಕರೆದೊಯ್ದವರು ನಮ್ಮ ಕಚೇರಿಯ ಕಾಮತರು. ಕುಂದಾಪುರದ ಕಡೆಯವರು, ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಇಂಗ್ಲಿಷು, ಸಿಟ್ಟು ಬಂದಾಗ ಕನ್ನಡ. ಮೀನು ಹಿಡಿಯುವ ಸ್ಪರ್ಧೆಯಂತೆ, ಹದಿನಾಲ್ಕು ಜನರ ಕೂಟವಂತೆ, ನೋಡಿಕೊಂಡು ಬರೋಣ ಬನ್ನಿ ಎಂದು ಅವರು ಒಂದು ಖಾಲಿ ಚೀಲವನ್ನೂ ಮಡಚಿಟ್ಟುಕೊಂಡು ಹೊರಟಿದ್ದರು. ಹೋದಮೇಲೆ ನಿಯಮ ತಿಳಿಯಿತು: ಚೀಟಿ ಎತ್ತಿ ಬಂದ ಜಾಗದಲ್ಲಿ ಕೂರಬೇಕು, ಸೀಟಿ ಊದಿದಾಗ ಶುರು, ಐದು ತಾಸಿನ ಬಳಿಕ ಇನ್ನೊಂದು ಸೀಟಿಗೆ ಮುಕ್ತಾಯ, ನಡುವೆ ಜಾಗ ಬಿಟ್ಟು ಏಳುವಂತಿಲ್ಲ, ಪಕ್ಕದವನಿಂದ ಎರೆ ಕಡ ಕೇಳುವಂತಿಲ್ಲ. ಕೊಕ್ಕೆಗೆ ಮುಳ್ಳಿರಕೂಡದು, ಮೀನನ್ನು ಒದ್ದೆ ಕೈಯಲ್ಲಿ ಮಾತ್ರ ಮುಟ್ಟಬೇಕು. ಹಿಡಿದದ್ದನ್ನೆಲ್ಲ ನೀರಲ್ಲಿ ಇಳಿಬಿಟ್ಟ ಉದ್ದನೆಯ ಬಲೆಚೀಲದಲ್ಲಿ ಜೀವಂತ ಇಟ್ಟು, ಕೊನೆಯಲ್ಲಿ ತೂಗಿ, ಒಟ್ಟು ತೂಕ ಬರೆದುಕೊಂಡು, ಮತ್ತೆ ಕೆರೆಗೇ ಬಿಡಬೇಕು.

ಈ ಕಡೆಯ ನಿಯಮ ಕಾಮತರನ್ನು ಕಂಗೆಡಿಸಿತು. ತಟ್ಟೆಯಗಲದ ಗೆಂಡೆಯೊಂದು ತಕ್ಕಡಿಯಿಂದಿಳಿದು ಬಾಲವಾಡಿಸುತ್ತ ಮರೆಯಾಗುವುದನ್ನು ಅವರು ಹೆಣ್ಣು ಕೊಟ್ಟ ಮಾವನಂತೆ ದಡದಲ್ಲಿ ನಿಂತು ನೋಡಿದರು. “ಇದು ಎಂತದು ಮಾರಾಯ್ರೆ? ಇಷ್ಟು ಒಳ್ಳೆ ಮೀನು ವಾಪಸ್ ನೀರಿಗೆ ಬಿಡುದಾ? ಇದಕ್ಕಿಂತ ನನ್ನನ್ನೇ ಕೆರೆಗೆ ದೂಡಿ,” ಎಂದವರು ಎರಡನೆಯ ಸಲ ಆ ಕಡೆ ತಲೆ ಹಾಕಲಿಲ್ಲ. ನಾನಾದರೋ ಅದೇ ನಿಯಮಕ್ಕೆ ಮನಸೋತು ಅಲ್ಲಿಯೇ ಉಳಿದುಬಿಟ್ಟೆ. ಮೀನು ತಿನ್ನುವವನಿಗೆ ಬೇಡವಾದ ಮೀನುಗಾರಿಕೆ ತಿನ್ನದವನಿಗೆ ಒಲಿಯಿತು. ಇದರಲ್ಲಿ ಹಿಂಸೆ ಇಲ್ಲವೆಂದು ನಾನು ನನಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಮೀನಿನ ಅಭಿಪ್ರಾಯ ಕೇಳಿಲ್ಲವೆಂಬುದನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ.

ನನ್ನ ಹೆಂಡತಿ ವಸುಧಾ ಈ ವಿಷಯದಲ್ಲಿ ಕೊಟ್ಟ ತೀರ್ಪು ಒಂದೇ ವಾಕ್ಯದ್ದು. “ಅಲ್ರೀ, ಬೆಟ್ಟ ಅಗೆದು ಇಲಿ ಹಿಡಿಯೋರನ್ನ ಕೇಳಿದ್ದೆ, ಹಿಡಿದ ಇಲೀನ ತೂಕ ಹಾಕಿ ಮತ್ತೆ ಬಿಲಕ್ಕೇ ಬಿಟ್ಟು ಬರೋರನ್ನ ಈಗ ನೋಡ್ದೆ.” ಆದರೂ ಅವಳ ವಿರೋಧ ಬಹಳ ದಿನ ಬಾಳಲಿಲ್ಲ. ಕಾರಣ, ಆ ಕೂಟದಲ್ಲಿ ಎಲ್ಲರಿಗಿಂತ ಕಡಿಮೆ ತೂಗಿದವನಿಗೂ ಒಂದು ಬಹುಮಾನವಿತ್ತು: ಒಂದು ಮ್ವಿಕೊ, ಎಂದರೆ ಕೀನ್ಯಾದ ಮನೆಮನೆಯಲ್ಲೂ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಉಗಾಲಿ, ತಿರುವುವ ಚಪ್ಪಟೆ ಮರದ ಸೌಟು. ಸೋತವನನ್ನು ಛೇಡಿಸಲೆಂದು ಕೊಡುತ್ತಿದ್ದ ಈ ವಸ್ತು ನಮ್ಮ ರಾಗಿಮುದ್ದೆಗೆ ಹೇಳಿ ಮಾಡಿಸಿದಂತಿತ್ತು. ಗಂಟಾಗದಂತೆ ತಿರುವಲು ಊರಿಂದ ತಂದ ಕೋಲಿಗಿಂತ ಇದೇ ವಾಸಿ ಎಂದು ವಸುಧಾ ಕಂಡುಕೊಂಡ ದಿನದಿಂದ ನನ್ನ ಪರಾಭವಕ್ಕೆ ಮನೆಯಲ್ಲಿ ಒಂದು ಬಗೆಯ ಮರ್ಯಾದೆ ದೊರೆಯಿತು. ಎರಡು ವರ್ಷಗಳಲ್ಲಿ ಅಂಥ ನಾಲ್ಕು ಸೌಟುಗಳು ನಮ್ಮ ಪಂಗಾನಿಯ ಫ್ಲ್ಯಾಟಿನ ಅಡುಗೆಮನೆಯ ಗೋಡೆಯನ್ನು ಅಲಂಕರಿಸಿದವು.

ಅಭ್ಯಾಸ ಸಾಲದೆ ಸೋತೆನೆಂದು ಮಾತ್ರ ತಿಳಿಯಬೇಡಿ. ಅಭ್ಯಾಸದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಮಹಡಿಯ ಮೇಲೆ ಬಟ್ಟೆ ಒಣಗಿಸುವ ತಂತಿಯ ಕೆಳಗೆ ಪ್ಲಾಸ್ಟಿಕ್ ಟಬ್ಬೊಂದನ್ನಿಟ್ಟು, ಹದಿನೈದು ಹೆಜ್ಜೆ ದೂರದಿಂದ ಕವಣೆಯಲ್ಲಿ ಮೆಕ್ಕೆಜೋಳದ ಕಾಳು ಬೀಸಿ ಟಬ್ಬಿನೊಳಗೇ ಬೀಳಿಸುವುದನ್ನು ಕಲಿತೆ. ನೀರಿನ ಡ್ರಮ್ಮಿನಲ್ಲಿ ಬೆಂಡು ತೇಲಿಸಿ, ಅದರ ತುದಿ ಮಾತ್ರ ಮೇಲೆ ಕಾಣುವಂತೆ ಸೀಸದ ಮಣಿ ಕಟ್ಟುವುದನ್ನು ಕಲಿತೆ. ಕಾವಲುಗಾರ ಒಮ್ಮೆ ಮೇಲೆ ಬಂದು, ನೀರಿನ ಡ್ರಮ್ಮಿಗೆ ಗಾಳ ಹಾಕಿ ಕೂತ ನನ್ನನ್ನು ಅರೆಗಳಿಗೆ ನೋಡಿ, ತುಂಬ ಮೃದುವಾಗಿ ‘ಎಲ್ಲ ಸರಿಯಾಗಿದೆಯೇ’ ಎಂದು ಕೇಳಿದ. ಸರಿಯಾಗಿದೆ ಎಂದೆ. ಅವನು ನಂಬಿದಂತೆ ಕಾಣಲಿಲ್ಲ.

ಹಾಗಾದರೆ ದೋಷವೆಲ್ಲಿ? ದೋಷ ನನ್ನ ಕೈಯಲ್ಲಿತ್ತು. ಈ ಆಟದ ಗುಟ್ಟೆಲ್ಲ ಇರುವುದು ಉಣಿಸುವುದರಲ್ಲಿ: ಬೆಂಡಿನ ಸುತ್ತ ನಾಲ್ಕು ಕಾಳು ಎಸೆದು ಮೀನನ್ನು ಕರೆಯಬೇಕು, ಬಂದ ಮೀನಿಗೆ ಹಸಿವು ಇನ್ನೂ ಉಳಿದಿರಬೇಕು, ಆಗ ಅದು ಕೊಕ್ಕೆಯ ಮೇಲಿನ ಐದನೆಯ ಕಾಳಿಗೆ ಬಾಯಿ ಹಾಕುತ್ತದೆ. ಇದು ನನಗೆ ಬುದ್ಧಿಗೆ ತಿಳಿಯುತ್ತಿತ್ತು, ಕೈಗೆ ತಿಳಿಯುತ್ತಿರಲಿಲ್ಲ. ಹತ್ತು ನಿಮಿಷ ಬೆಂಡು ಅಲುಗದಿದ್ದರೆ, ಪಾಪ, ಬಡಿಸಿದ್ದು ಸಾಲಲಿಲ್ಲವೇನೋ ಎಂದು ಒಂದು ಹಿಡಿ. ಬೆಂಡು ಅಲುಗಿದರೆ, ಆಹಾ, ರುಚಿ ಹತ್ತಿತು ಎಂದು ಎರಡು ಹಿಡಿ. ಸ್ವಲ್ಪ ಹೊತ್ತಿಗೆ ನನ್ನ ಮುಂದಿನ ನೀರಿನಲ್ಲಿ ತಳದಿಂದ ಸಾಲುಸಾಲಾಗಿ ಗುಳ್ಳೆಗಳೇಳುತ್ತಿದ್ದವು. ಅದು ಕೆರೆಯ ಅರ್ಧ ಮೀನು ನನ್ನ ಪಂಕ್ತಿಯಲ್ಲಿ ಕೂತು ಉಣ್ಣುತ್ತಿರುವುದರ ಗುರುತು. ನನಗದು ತೃಪ್ತಿಯ ತೇಗಿನಂತೆ ಕೇಳಿಸಿ, ಸೋಲುತ್ತಿದ್ದರೂ ಒಳಗೊಳಗೇ ಹಿಗ್ಗಾಗುತ್ತಿತ್ತು. ಉಂಡ ಮೀನುಗಳು ಕೈತೊಳೆದವರಂತೆ ಎದ್ದು ಪಕ್ಕದವನ ಕೊಕ್ಕೆಗೆ ಎಲೆಯಡಿಕೆ ಹಾಕಿಕೊಳ್ಳಲು ಹೋಗುತ್ತಿದ್ದವು. ನನ್ನ ಪಕ್ಕದ ಜಾಗ ಬಂದವರು ಚೀಟಿಗೆ ಮುತ್ತಿಡುತ್ತಿದ್ದರೆಂಬುದು ಉತ್ಪ್ರೇಕ್ಷೆಯಲ್ಲ.

ತೂಕ ಹಾಕುತ್ತಿದ್ದವರು ಕರಾಂಜಾ ಎಂಬ ಹಿರಿಯರು, ನಿವೃತ್ತ ಅಂಚೆ ಮಾಸ್ತರರು. ನನಗೆ ‘ಬಾಬಾ ಚಕುಲಾ’, ಅನ್ನದ ಅಪ್ಪ, ಎಂದು ಹೆಸರಿಟ್ಟವರು ಅವರೇ. ನಾಲ್ಕನೆಯ ಸೌಟನ್ನು ನನ್ನ ಕೈಗಿಡುವಾಗ ಹೆಗಲ ಮೇಲೆ ಕೈಹಾಕಿ, “ಪೋಲೆ ಪೋಲೆ, ಬ್ವಾನಾ. ನಿಧಾನ. ಮೀನು ನಿಮ್ಮ ಮನೆಗೆ ಬಂದ ನೆಂಟನಲ್ಲ,” ಎಂದು ಅವರು ತಮ್ಮ ಇಂಗ್ಲಿಷಿನಲ್ಲಿ ಹೇಳಿದರು. ನೆಂಟರಿಗಾದರೂ ನಾನು ನಿಧಾನಿಸಿದ್ದೆನೇ ಎಂಬ ಯೋಚನೆ ಆಗ ನನಗೆ ಹೊಳೆಯಲಿಲ್ಲ.

ಅದು ಹೊಳೆಯುವ ಹೊತ್ತು ಬಂದದ್ದು ಬೆಂಗಳೂರಿಗೆ ವರ್ಗವಾದ ಕಾಗದ ಕೈಗೆ ಸಿಕ್ಕಾಗ. ನನ್ನ ಮಗಳು ಮೇಘಾ ಆರು ವರ್ಷದವಳಾಗಿ ನೈರೋಬಿಗೆ ಬಂದವಳು, ಈಗ ಹದಿಮೂರು. ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅದೂ ಕೇಳಿದ ಪ್ರಶ್ನೆಯಷ್ಟೇ ಉದ್ದದ್ದು. ವರ್ಗದ ಸುದ್ದಿ ಹೇಳಿದ ದಿನ ಅವಳು ‘ಓಕೆ’ ಎಂದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಎರಡು ವಾರ ಆ ‘ಓಕೆ’ಯ ಹೊರತು ನಮಗೆ ಬೇರೇನೂ ಸಿಗಲಿಲ್ಲ. ಅಳಲಿಲ್ಲ, ರೇಗಲಿಲ್ಲ, ತಟ್ಟೆ ಸರಿಸಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು. ಮಗಳು ನನ್ನೊಡನೆ ಮಾತು ಬಿಟ್ಟುಬಿಟ್ಟರೆ ಬೆಂಗಳೂರಾದರೇನು, ನೈರೋಬಿಯಾದರೇನು?

ಹೆದರಿದ ನಾನು ಮಾಡಿದ್ದು ನನಗೆ ಗೊತ್ತಿದ್ದ ಒಂದೇ ಕೆಲಸ: ಬಡಿಸಿದೆ. ಬೆಳಗ್ಗೆ ಕಾಫಿಯ ಹೊತ್ತಿಗೆ ಬೆಂಗಳೂರಿನ ಹವೆ, ಶಾಲೆಗೆ ಬಿಡುವಾಗ ಕಾರಿನಲ್ಲಿ ಚಿಕ್ಕಪ್ಪನ ಮಕ್ಕಳು, ಸಂಜೆ ಮೆಟ್ರೊ, ಊಟಕ್ಕೆ ಮಾವಿನಹಣ್ಣು. ಹೊಸ ಶಾಲೆಯ ಈಜುಕೊಳದ ಚಿತ್ರವನ್ನು ವಾಟ್ಸ್ಯಾಪಿನಲ್ಲಿ ಮೂರು ಸಲ ಕಳಿಸಿದೆ. ಅವಳ ಬಾಗಿಲು ತಟ್ಟಿ, ಅಲ್ಲಿ ದೋಸೆಗೆ ಐವತ್ತು ಬಗೆ ಇದೆ ಗೊತ್ತೇನಮ್ಮ ಎಂದೆ. ಒಳಗಿನಿಂದ ‘ಓಕೆ ಅಪ್ಪ’ ಬಂತು. ವಸುಧಾ, “ಸ್ವಲ್ಪ ಸುಮ್ನಿರಿ. ಅವಳಿಗೆ ಅಜೀರ್ಣ ಆಗೋ ಹಾಗೆ ಮಾತಾಡ್ತೀರ,” ಎಂದಳು. ಅತಿಯಾದರೆ ಅಮೃತವೂ ವಿಷ ಎಂದು ನಾನೇ ಎಷ್ಟೋ ಜನಕ್ಕೆ ಉಪದೇಶಿಸಿದವನು. ಉಪದೇಶದಲ್ಲೂ ನನ್ನದು ಧಾರಾಳವೇ.

ಹೊರಡುವ ಮೊದಲಿನ ಕಡೆಯ ಸ್ಪರ್ಧೆಯ ಶನಿವಾರ ಬಂತು. ಐದನೆಯ ಸೌಟನ್ನು ಮನೆಗೆ ತರಲಾರೆನೆಂದು ನಾನು ಘೋಷಿಸಿಯಾಗಿತ್ತು. ಹಿಂದಿನ ಸಂಜೆಯೇ ಎರಡು ಕಿಲೋ ಮೆಕ್ಕೆಜೋಳದ ಕಾಳು ಬೇಯಿಸಿ, ನೀರು ಬಸಿದು, ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿ ಬಾಲ್ಕನಿಯಲ್ಲಿಟ್ಟಿದ್ದೆ. ಬೆಳಗ್ಗೆ ಡಬ್ಬಿಯನ್ನು ಕಾರಿಗೇರಿಸಿ, ಥೀಕಾ ರಸ್ತೆಯಲ್ಲಿ ಹಾಡು ಕಿರುಚಿಕೊಂಡು ನುಗ್ಗುವ ಬಾಡಿಗೆ ವ್ಯಾನುಗಳಾದ ಮಟಾಟುಗಳಿಗೆಲ್ಲ ದಾರಿ ಬಿಟ್ಟುಕೊಡುತ್ತ ಕೆರೆ ಸೇರಿ, ಚೀಟಿ ಎತ್ತಿ, ಒಂಬತ್ತನೆಯ ಜಾಗದಲ್ಲಿ ಕೂತೆ. ಸೀಟಿ ಊದಿತು. ಡಬ್ಬಿಯ ಮುಚ್ಚಳ ತೆಗೆದೆ.

ಒಳಗೆ ಜೋಳವಿರಲಿಲ್ಲ. ತೂಕದ ವ್ಯತ್ಯಾಸ ಗೊತ್ತಾಗದಿರಲೆಂದು ತಳದ ತುಂಬ ಆಲೂಗಡ್ಡೆ; ಅದರ ಮೇಲೆ ನಮ್ಮ ದೇವರಮನೆಯ ಪಂಚಾಮೃತದ ಪುಟ್ಟ ಬಟ್ಟಲು; ಬಟ್ಟಲಲ್ಲಿ ಒಂದು ಹಿಡಿ ಕಾಳು. ಜೊತೆಗೆ ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಒಂದು ಚೀಟಿ. ಮೇಘಾಳ ಅಕ್ಷರ, ಅವಳ ಇಂಗ್ಲಿಷು. ‘ಇಷ್ಟು ಸಾಕು ಅಪ್ಪ, ಅವೇ ಬರಲಿ’ ಎಂದು ಅದರ ತಾತ್ಪರ್ಯ. ಹಿಂದೊಮ್ಮೆ ರಜೆಯಲ್ಲಿ ನನ್ನ ಜೊತೆ ಬಂದು, ದಡದಲ್ಲಿ ಕೂತು, ಕಿವಿಯಲ್ಲಿ ಹಾಡು ಸಿಕ್ಕಿಸಿಕೊಂಡು ಏನನ್ನೂ ನೋಡುತ್ತಿಲ್ಲವೆಂದು ನಾನು ತಿಳಿದಿದ್ದ ಹುಡುಗಿ ಎಲ್ಲವನ್ನೂ ನೋಡಿದ್ದಳು.

ಮೊದಲು ಬಂದದ್ದು ಸಿಟ್ಟು, ಸುಳ್ಳೇಕೆ ಹೇಳಲಿ. ಎದ್ದು ಹೋಗುವಂತಿಲ್ಲ, ಪಕ್ಕದವರನ್ನು ಕೇಳುವಂತಿಲ್ಲ; ಆಲೂಗಡ್ಡೆಯನ್ನೇ ಹಲ್ಲಿನಿಂದ ಕಚ್ಚಿ ಚೂರು ಮಾಡಿ ಎಸೆಯಲೇ ಎಂದೂ ಒಂದು ಕ್ಷಣ ಯೋಚಿಸಿದೆ. ಆಮೇಲೆ ಬೇರೆ ದಾರಿಯಿಲ್ಲದೆ ನಾಲ್ಕು ಕಾಳು ಎಸೆದೆ, ಒಂದನ್ನು ಕೊಕ್ಕೆಗೆ ಸಿಕ್ಕಿಸಿದೆ, ಕೂತೆ. ಕೈ ತಾನಾಗಿ ಬಟ್ಟಲಿಗೆ ಹೋಗುತ್ತಿತ್ತು. ಬಟ್ಟಲು ಎಷ್ಟು ಚಿಕ್ಕದೆಂದರೆ ಹೋದ ಕೈ ನಾಚಿಕೊಂಡು ಮರಳುತ್ತಿತ್ತು. ಮೊದಲ ಗಂಟೆ ಏನೂ ಇಲ್ಲ. ಎರಡನೆಯ ಗಂಟೆ ಏನೂ ಇಲ್ಲ. ಅಷ್ಟು ಹೊತ್ತು ಏನನ್ನೂ ಯಾರಿಗೂ ಕೊಡದೆ ಸುಮ್ಮನೆ ಕೂತದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಬೆಂಡನ್ನು ನೋಡುತ್ತ ಕೂತವನಿಗೆ ಮೆಲ್ಲಗೆ ಅರ್ಥವಾಯಿತು: ಆ ಚೀಟಿ ಮೀನಿನ ವಿಷಯದ್ದು ಮಾತ್ರವಲ್ಲ. ಎರಡು ವಾರದಿಂದ ಮಾತಾಡದ ಮಗಳು ಮಾತಾಡಿದ್ದಳು. ನನ್ನ ಗದ್ದಲದಲ್ಲಿ ಅವಳಿಗೆ ಸಿಕ್ಕ ಜಾಗ ಆ ಡಬ್ಬಿಯೊಂದೇ. ಕಣ್ಣು ತುಂಬಿ ಬೆಂಡು ಎರಡೆರಡಾಗಿ ಕಂಡಿತು.

ಎರಡಾಗಿ ಕಂಡ ಬೆಂಡು ನೋಡನೋಡುತ್ತಿದ್ದಂತೆ ಒಂದೂ ಇಲ್ಲವಾಯಿತು. ಮೀನು ಕಚ್ಚಿತ್ತು! ಮೊದಲನೆಯದನ್ನು ದಡಕ್ಕೆ ತರುವಷ್ಟರಲ್ಲಿ ನನ್ನ ಟೋಪಿ ನೀರಿಗೆ ಬಿದ್ದಿತ್ತು. ಮತ್ತೆ ಎರಡು ಕಾಳು, ಮತ್ತೆ ಕಾಯುವುದು, ಮತ್ತೊಂದು ಗೆಂಡೆ. ಕೊನೆಯ ಸೀಟಿ ಊದುವ ಹೊತ್ತಿಗೆ ಬಟ್ಟಲಿನಲ್ಲಿ ಮೂರು ಕಾಳು ಉಳಿದಿದ್ದವು, ಬಲೆಚೀಲದಲ್ಲಿ ಏಳು ಮೀನು. ಕರಾಂಜಾ ತಕ್ಕಡಿಯ ಮುಳ್ಳನ್ನು ನೋಡಿ, ನನ್ನನ್ನು ನೋಡಿ, ಕನ್ನಡಕ ಒರೆಸಿ ಮತ್ತೆ ಮುಳ್ಳನ್ನು ನೋಡಿದರು. ಹದಿನಾಲ್ಕರಲ್ಲಿ ಆರನೆಯ ಸ್ಥಾನ. ಆರನೆಯವನಿಗೆ ಬಹುಮಾನವಿಲ್ಲ, ಚಪ್ಪಾಳೆಯಿಲ್ಲ. ಆದರೂ ಚಿನ್ನದ ಪದಕ ಗೆದ್ದವನಂತೆ ಎಲ್ಲರ ಕೈ ಕುಲುಕಿ, ಅಸಾಂಟೆ ಅಸಾಂಟೆ ಎಂದು ಧನ್ಯವಾದ ಹೇಳಿ ಬೀಳ್ಕೊಂಡೆ. ಐದನೆಯ ಸೌಟು ನನ್ನ ಪಕ್ಕದ ಜಾಗದಲ್ಲಿ ಕೂತಿದ್ದ ದಂತವೈದ್ಯರ ಪಾಲಾಯಿತು. ನನ್ನ ಧಾರಾಳವನ್ನೇ ನೆಚ್ಚಿ ಕೂತಿದ್ದ ಬಡಪಾಯಿ.

ಮನೆಯಲ್ಲಿ ವಸುಧಾ ನನ್ನ ಬರಿಗೈ ನೋಡಿ ಮುಖ ಸಣ್ಣಗೆ ಮಾಡಿದಳು. “ಸೌಟು ಎಲ್ರೀ? ಕಾಮತರ ಮನೆಯವರಿಗೆ ಒಂದು ಕೊಡ್ತೀನಿ ಅಂತ ಮಾತು ಕೊಟ್ಟಿದ್ನಲ್ಲ.” ನನ್ನ ಸೋಲಿನ ಮೇಲೆ ಅವಳಿಗಿದ್ದ ಭರವಸೆ ಅಂಥದು. ಆರನೆಯವನಾದೆ ಎಂದೆ. ಅವಳು ನಕ್ಕು, “ಸರಿ, ಆಲೂಗಡ್ಡೆ ವಾಪಸ್ ಕೊಡಿ,” ಎಂದು ಡಬ್ಬಿ ಕಸಿದುಕೊಂಡಳು. ಮೀನಿಗೆಂದು ಬೇಯಿಸಿದ್ದ ಎರಡು ಕಿಲೋ ಜೋಳ ಇಂಗು ಒಗ್ಗರಣೆ ಬಿದ್ದು ಉಸಲಿಯಾಗಿ ಮೇಜಿನ ಮೇಲಿತ್ತು.

ಮೇಘಾಳ ಬಾಗಿಲು ಮುಚ್ಚಿತ್ತು. ನಾನು ತಟ್ಟಲಿಲ್ಲ. ಕೈಕಾಲು ತೊಳೆದು ಬಂದು ಮೇಜಿನ ಮುಂದೆ ಕೂತು ನನ್ನ ತಟ್ಟೆಗಷ್ಟೇ ಬಡಿಸಿಕೊಂಡೆ. ಸ್ವಲ್ಪ ಹೊತ್ತಿಗೆ ಅವಳೇ ಬಂದು ಎದುರು ಕೂತಳು. ಬೆಂಗಳೂರಿನ ಉಸಲಿಯ ಬಗ್ಗೆ ನನ್ನ ನಾಲಿಗೆಯ ತುದಿಗೆ ಬಂದಿದ್ದ ಹನ್ನೆರಡು ಮಾತುಗಳನ್ನು ತುತ್ತಿನ ಜೊತೆ ನುಂಗಿದೆ. ವಸುಧಾ ನನ್ನ ಹಣೆ ಮುಟ್ಟಿ ನೋಡಿ, “ಜ್ವರ ಗಿರ ಬಂದಿದ್ಯೇನ್ರೀ?” ಎಂದಳು.

“ಹೌ ಮೆನಿ?” ಎಂದಳು ಮೇಘಾ.

“ಏಳು,” ಎಂದೆ. ಏಳೂ ಮೀನಿನ ಕಥೆ ಗಂಟಲಲ್ಲಿತ್ತು. ಅದನ್ನು ಅಲ್ಲಿಯೇ ತಡೆದೆ.

ಅವಳು ತಟ್ಟೆಯಲ್ಲಿ ಒಂದೊಂದೇ ಕಾಳನ್ನು ಬೆರಳಿಂದ ಸರಿಸುತ್ತ ಕೂತಿದ್ದಳು. ಆಮೇಲೆ ತಲೆ ಎತ್ತದೆ, ಎಷ್ಟೋ ವರ್ಷದಿಂದ ನಾನು ಅವಳ ಬಾಯಿಂದ ಕೇಳದಿದ್ದ ಕನ್ನಡದಲ್ಲಿ, “ನಂಗೆ ಇಲ್ಲಿಂದ ಹೋಗಕ್ಕೆ ಇಷ್ಟ ಇಲ್ಲ ಅಪ್ಪ,” ಎಂದಳು.

ಅದಕ್ಕೆ ಕೊಡಬಹುದಾದ ಉತ್ತರಗಳು ಎರಡು ವಾರದಿಂದ ನನ್ನ ಬಳಿ ಕಿಲೋಗಟ್ಟಲೆ ಇದ್ದವು. ಅವುಗಳಲ್ಲಿ ಒಂದೂ ನಿಜವಾಗಿರಲಿಲ್ಲ. “ನಂಗೂ ಇಷ್ಟ ಇಲ್ಲಮ್ಮ,” ಎಂದೆ. ಹೇಳಿದ ಮೇಲೆಯೇ ಅದು ನನಗೂ ಗೊತ್ತಾದದ್ದು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಕಣ್ಣೀರು ಮೂಗಿನ ತುದಿಗೆ ಬಂದು ಉಸಲಿಗೆ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ, ನಾನೂ ಸಮಾಧಾನ ಬಡಿಸಲಿಲ್ಲ. ಕಾದೆ.

“ಅಲ್ಲಿ ಕೆರೆ ಇದ್ಯಾ?” ಎಂದಳು.

“ಇದೆ.”

ಅಂದು ಅವಳು ಉಳಿದದ್ದೆಲ್ಲವನ್ನೂ ಹೇಳಿದಳು: ಅರ್ಧ ಕನ್ನಡ, ಅರ್ಧ ಇಂಗ್ಲಿಷು, ನಡುನಡುವೆ ಶಾಲೆಯ ಸ್ವಾಹಿಲಿ. ಗೆಳತಿಯರ ಹೆಸರು, ಅವರು ಮರೆತುಬಿಡುವರೆಂಬ ಭಯ, ಹೊಸ ಶಾಲೆಯಲ್ಲಿ ತನ್ನ ಕನ್ನಡ ಕೇಳಿ ನಗುವರೆಂಬ ಅಂಜಿಕೆ. ಮಾತು ಮುಗಿದಾಗ ದೊಡ್ಡ ಬೋಗುಣಿಯ ಉಸಲಿ ಪೂರ್ತಿ ಖಾಲಿಯಾಗಿತ್ತು, ಮತ್ತು ಆಣೆ ಮಾಡಿ ಹೇಳುತ್ತೇನೆ, ನಾನು ಯಾರಿಗೂ ಒಂದು ಸೌಟೂ ಬಡಿಸಿರಲಿಲ್ಲ.

ಈಗ ಬೆಂಗಳೂರಿನ ನಮ್ಮ ಅಡುಗೆಮನೆಯ ಗೋಡೆಯಲ್ಲಿ ಮೂರು ಸೌಟುಗಳಿವೆ. ಕೊಟ್ಟ ಮಾತಿಗೆ ತಪ್ಪಬಾರದೆಂದು ನಾಲ್ಕನೆಯದನ್ನು ವಸುಧಾ ಕಾಮತರ ಮನೆಗೆ ಕಳಿಸಿದಳು. ಕಾಮತರೂ ವರ್ಗವಾಗಿ ಇಲ್ಲಿಗೇ ಬಂದಿದ್ದಾರೆ. ಮೊನ್ನೆ ಭಾನುವಾರ ನಮ್ಮಲ್ಲಿ ಬಾಳೆಲೆ ಊಟ. ಬಿಸಿಬೇಳೆಬಾತಿನ ಎರಡನೆಯ ಸುತ್ತಿಗೆ ನಾನು ಹತ್ತಿರ ಹೋದದ್ದೇ ತಡ, ಅವರು ಹಳೆಯ ಅನುಭವದಿಂದ ಎರಡೂ ಅಂಗೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದು, ಮೈ ಮುಂದಕ್ಕೆ ಬಗ್ಗಿಸಿ, “ಸಾಕು ಮಾರಾಯ್ರೆ, ಸಾಕು, ದೇವರಾಣೆ ಸಾಕು,” ಎಂದರು. ನಾನು ಸರಿ ಎಂದು ಸೌಟನ್ನು ಪಾತ್ರೆಗೆ ಹಾಕಿ ಸುಮ್ಮನೆ ನಿಂತೆ. ಪಂಕ್ತಿಯ ತುದಿಯಲ್ಲಿ ಉಪ್ಪಿನಕಾಯಿ ಹಿಡಿದಿದ್ದ ಮೇಘಾ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಕಾಮತರು ಬರಬೇಕಾದ ಒತ್ತಾಯಕ್ಕಾಗಿ ಸ್ವಲ್ಪ ಹೊತ್ತು ಕಾದರು. ಅದು ಬರಲಿಲ್ಲ. ನನ್ನ ಮುಖ ನೋಡಿದರು, ಪಾತ್ರೆ ನೋಡಿದರು, ಆಮೇಲೆ ಒಂದು ಅಂಗೈಯನ್ನು ಮೆಲ್ಲಗೆ ಎಲೆಯಿಂದ ಸರಿಸಿ, “ಒಂದು ಅರ್ಧ ಸೌಟು ಹಾಕಿ. ಎಂತ ಮಾರಾಯ್ರೆ, ಊರಿಗೆ ಬಂದಮೇಲೆ ನೀವು ಕೇಳುದೇ ಬಿಟ್ರಲ್ಲ!” ಎಂದರು.